ಇಂಗ್ಲಿಷ್ ಅಧ್ಯಾಪಕರ ಬಳಲಿಕೆ ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾದ ಶೈಕ್ಷಣಿಕ ಗೋಷ್ಠಿಯಲ್ಲಿ ಶಾಲಾ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)





ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಈ ಊರು ಸೇರಿದ್ದ ಕಾಲದಲ್ಲಿ, ಮುಳಿಹುಲ್ಲಿನ ಮಾಡಿನ ಕೆಳಗೆ ಆರಂಭವಾದ ಶಾಲೆ ಇದು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡು ಕಾಸರಗೋಡು ಕೇರಳಕ್ಕೆ ಸೇರಿದಾಗಲೂ ಶಾಲೆಯ ಗಂಟೆ ನಿಲ್ಲಲಿಲ್ಲ. ಪಾಠದ ಭಾಷೆ ಬದಲಾಗಲಿಲ್ಲ. ನೂರು ವರ್ಷಗಳ ಈ ಬಾಳಿಕೆಯ ಬಗ್ಗೆ ಹೆಮ್ಮೆಯ ಮಾತುಗಳನ್ನು ನಿನ್ನೆಯಿಂದ ಕೇಳುತ್ತಿದ್ದೇವೆ. ಅವೆಲ್ಲವೂ ಸತ್ಯವೇ. ಆದರೆ ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಾನು ಆರಿಸಿಕೊಂಡದ್ದು ಸಂಭ್ರಮಕ್ಕೆ ಅಷ್ಟಾಗಿ ಹೊಂದದ ಒಂದು ವಿಷಯವನ್ನು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಧ್ಯಾಪಕರ ಬಳಲಿಕೆ ಎಂಬುದೇ ಆ ವಿಷಯ.

ನಾನು ಇದೇ ಶಾಲೆಯಲ್ಲಿ ಕಲಿತವಳು. ಇಂಗ್ಲಿಷಿನಲ್ಲಿ ಎಂ.ಎ., ಬಳಿಕ ಬಿ.ಎಡ್. ಮುಗಿಸಿ ಇದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವಳು. ಅನಂತರ ಮುಖ್ಯೋಪಾಧ್ಯಾಯಿನಿಯಾಗಿ ಇನ್ನೊಬ್ಬರಿಂದ ಇಂಗ್ಲಿಷ್ ಕಲಿಸಿಸಿದವಳು. ಈ ಎರಡು ಸ್ಥಾನಗಳಿಂದಲೂ ಕಂಡದ್ದನ್ನು, ನನ್ನ ತಪ್ಪನ್ನೂ ಸೇರಿಸಿ, ತಮ್ಮ ಮುಂದಿಡುತ್ತೇನೆ.

ಮೊದಲು ಬಳಲಿಕೆ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎಂದು ಕರೆಯಲಾಗುವ ಈ ಸ್ಥಿತಿಯನ್ನು 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ವಿವರಿಸಿದರು. ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿದ್ದವರನ್ನು ಕಂಡು ಅವರು ಬರೆದದ್ದು ಅದು. ಮನಸ್ಸಿಟ್ಟು ದುಡಿಯುವವರೇ ಹೆಚ್ಚಾಗಿ ಈ ಸ್ಥಿತಿಗೆ ಬೀಳುತ್ತಾರೆಂಬುದು ಅವರು ಕಂಡುಕೊಂಡ ಸಂಗತಿ. ಮುಂದೆ ಕ್ರಿಸ್ಟಿನಾ ಮಾಸ್ಲಾಕ್ ಹಾಗೂ ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಮಾನದಂಡವೊಂದನ್ನು ಪ್ರಕಟಿಸಿ ಮೂರು ಲಕ್ಷಣಗಳನ್ನು ಗುರುತಿಸಿದರು: ಮನಸ್ಸಿನ ಶಕ್ತಿ ಸಂಪೂರ್ಣ ಸೋರಿಹೋಗುವುದು, ಯಾರಿಗಾಗಿ ದುಡಿಯುತ್ತೇವೋ ಅವರ ಬಗ್ಗೆಯೇ ಭಾವ ಒಣಗಿಹೋಗುವುದು, ತನ್ನಿಂದ ಏನೂ ಸಾಧ್ಯವಾಗಲಿಲ್ಲವೆಂಬ ಭಾವನೆ ಬೇರೂರುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸಲ್ಪಡದೆ ಉಳಿದ ಕೆಲಸದ ಸ್ಥಳದ ಒತ್ತಡದ ಫಲವೆಂದು ವ್ಯಾಖ್ಯಾನಿಸಿತು. ಈ ಕೊನೆಯ ಮಾತು ಮುಖ್ಯ. ಬಳಲಿದ ಅಧ್ಯಾಪಕಿಗೆ ಮದ್ದು ಕೊಡಿಸಿದರೆ ಸಾಲದು. ಅವಳು ದುಡಿಯುವ ಜಾಗವನ್ನು ಪರೀಕ್ಷಿಸಬೇಕು.

ನಮ್ಮ ಊರಿನವರಿಗೆ ಇದನ್ನು ಸುರಂಗದ ನೀರಿನ ಮೂಲಕ ಹೇಳಿದರೆ ಬೇಗ ತಿಳಿದೀತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ಹನಿಹನಿಯಾಗಿ ಒಸರಿ, ದಂಬೆಯಲ್ಲಿ ಹರಿದು ಕೆರೆ ಸೇರುತ್ತದೆ. ಒಸರುವಷ್ಟನ್ನು ಬಳಸಿದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಗುಡ್ಡದ ಮೇಲಿನ ಮರ ಕಡಿದು, ಮಳೆನೀರು ಇಂಗದಂತೆ ಮಾಡಿದರೆ ಒಂದು ಬೇಸಗೆಯಲ್ಲಿ ಬತ್ತುತ್ತದೆ. ಆಗ ಸುರಂಗವನ್ನು ಬೈದು ಪ್ರಯೋಜನವಿಲ್ಲ.

ಈಗ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ.

ನಮ್ಮ ಶಾಲೆಗೆ ಕೆಲವು ವರ್ಷಗಳ ಹಿಂದೆ ಯುವ ಅಧ್ಯಾಪಕಿಯೊಬ್ಬರು ಇಂಗ್ಲಿಷ್ ಕಲಿಸಲು ಬಂದರು. ಅವರ ತರಗತಿಯ ನಗು ಎರಡು ಕೋಣೆಗಳಾಚೆಗೆ ಕೇಳುತ್ತಿತ್ತು. ಯಕ್ಷಗಾನದ ನಾಡಿನ ಮಕ್ಕಳಲ್ಲವೇ ಎಂದು ಪಾಠದ ಸಂಭಾಷಣೆಗಳನ್ನು ತಾಳಮದ್ದಳೆಯ ಧಾಟಿಯಲ್ಲಿ ಆಡಿಸುತ್ತಿದ್ದರು. ಒಬ್ಬ ಹುಡುಗ ಅರ್ಥಧಾರಿಯ ಗತ್ತಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಸವಾಲು ಹಾಕುವುದು, ಇನ್ನೊಬ್ಬಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತುಳುವಿನಲ್ಲಿ ಉತ್ತರಿಸುವುದು. ನಾನೇ ಜಗಲಿಯಲ್ಲಿ ನಿಂತು ಕೇಳಿದ್ದುಂಟು. ಮಕ್ಕಳ ಪುಸ್ತಕಗಳಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಎರಡು ಸಾಲಿನ ಮಾತುಗಳನ್ನು ಮಕ್ಕಳು ಮನೆಯಲ್ಲಿ ಓದಿ ತೋರಿಸುತ್ತಿದ್ದರಂತೆ.

ಬದಲಾವಣೆ ಒಂದೇ ದಿನ ಬರಲಿಲ್ಲ. ಕೆಂಪು ಶಾಯಿಯ ಮಾತುಗಳು ನಿಂತು ಬರಿಯ ಸರಿ ಗುರುತುಗಳು ಉಳಿದವು. ಮಧ್ಯಾಹ್ನದ ಊಟಕ್ಕೆ ಅವರು ಸ್ಟಾಫ್ ರೂಮಿಗೆ ಬರುವುದು ಕಡಿಮೆಯಾಯಿತು. ಒಂದು ದಿನ, ‘ಈ ಮಕ್ಕಳಿಗೆ ಬಾರದು ಟೀಚರ್’ ಎಂದರು. ಅದುವರೆಗೆ ಅವರ ಬಾಯಲ್ಲಿ ‘ನಮ್ಮ ಮಕ್ಕಳು’ ಎಂಬುದಲ್ಲದೆ ‘ಈ ಮಕ್ಕಳು’ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಮಾಸ್ಲಾಕ್ ಹೇಳಿದ ಎರಡನೆಯ ಲಕ್ಷಣ ನನ್ನೆದುರು ನಿಂತಿತ್ತು. ನಾನು ಅದನ್ನು ಗುರುತಿಸಲಿಲ್ಲ. ಅವರನ್ನು ಕೊಠಡಿಗೆ ಕರೆದು, ‘ಈ ಬಾರಿ ಎಸ್‌ಎಸ್‌ಎಲ್‌ಸಿಯಲ್ಲಿ ಮೂವರಿಗೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಬರಬೇಕಿತ್ತು, ಇಂಗ್ಲಿಷಿನಲ್ಲಿ ತಪ್ಪಿತು’ ಎಂದೆ. ಅವರು ‘ಆಯಿತು ಟೀಚರ್’ ಎಂದು ಎದ್ದು ಹೋದರು.

ಮರುವರ್ಷ ಅವರು ಲೋಕಸೇವಾ ಆಯೋಗದ ಪರೀಕ್ಷೆ ಬರೆದು, ಕಚೇರಿಯೊಂದರಲ್ಲಿ ಗುಮಾಸ್ತರ ಹುದ್ದೆ ಪಡೆದು, ರಾಜೀನಾಮೆ ಪತ್ರ ತಂದುಕೊಟ್ಟರು. ಪತ್ರ ಕನ್ನಡದಲ್ಲಿತ್ತು. ಶಾಲೆಯ ಇಂಗ್ಲಿಷ್ ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವರು ಅವರೇ ಆದ್ದರಿಂದ ನನಗೆ ಆಶ್ಚರ್ಯವಾಯಿತು, ಕೇಳಿಯೇಬಿಟ್ಟೆ. ‘ಇದೊಂದನ್ನಾದರೂ ನನ್ನ ಭಾಷೆಯಲ್ಲಿ ಬರೆಯುತ್ತೇನೆ ಟೀಚರ್’ ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರ ಜಾಗಕ್ಕೆ ಬೇರೆಯವರು ಬರುವವರೆಗೆ ಎಂಟನೆಯ ತರಗತಿಯ ಇಂಗ್ಲಿಷನ್ನು ನಾನೇ ತೆಗೆದುಕೊಂಡೆ. ಕಚೇರಿಯಿಂದ ಕಾಣದಿದ್ದದ್ದು ಕರಿಹಲಗೆಯ ಮುಂದೆ ನಿಂತಾಗ ಕಾಣತೊಡಗಿತು. ಬಳಲಿಕೆಯ ಕಾರಣಗಳೆಂದು ನಾನು ಈಗ ಹೇಳುವುದು ಅಲ್ಲಿ ಕಂಡದ್ದನ್ನೇ.

ಮೊದಲನೆಯ ಕಾರಣ, ತರಗತಿಯ ಒಳಗಿನ ಅಂತರ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಐದನೆಯ ತರಗತಿಯ ಹೊತ್ತಿಗೆ ಹಿಂದಿ. ಇಂಗ್ಲಿಷ್ ನಮ್ಮ ಅನೇಕ ಮಕ್ಕಳಿಗೆ ನಾಲ್ಕನೆಯ ಅಥವಾ ಐದನೆಯ ಭಾಷೆ. ಪಠ್ಯಪುಸ್ತಕವಾದರೋ ರಾಜ್ಯದ ಎಲ್ಲ ಮಾಧ್ಯಮದ ಮಕ್ಕಳಿಗೂ ಒಂದೇ. ಒಂದೇ ಬೆಂಚಿನಲ್ಲಿ ಕಥೆಯೊಂದಕ್ಕೆ ಬೇರೆ ಅಂತ್ಯ ಬರೆಯಬಲ್ಲ ಹುಡುಗಿಯೂ, ದೊಡ್ಡಕ್ಷರ ಸಣ್ಣಕ್ಷರಗಳನ್ನು ಇನ್ನೂ ಬೆರೆಸುವ ಹುಡುಗನೂ ಕುಳಿತಿರುತ್ತಾರೆ. 2024–25ರಿಂದ ಎಂಟನೆಯ ತರಗತಿಯ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 30 ಕನಿಷ್ಠ ಅಂಕವೆಂಬ ನಿಯಮ ಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಏಳು ವರ್ಷಗಳಲ್ಲಿ ಉಳಿದುಹೋದದ್ದನ್ನು ಒಂದೇ ವರ್ಷದಲ್ಲಿ ತುಂಬಿಸುವ ಹೊಣೆ ಒಬ್ಬರ ತಲೆಗೆ ಬೀಳುತ್ತದೆ.

ಎರಡನೆಯದು ತಿದ್ದುವ ಕೆಲಸ. ಗಣಿತದ ಉತ್ತರವನ್ನು ನೋಡಿ ಸರಿ ತಪ್ಪು ಹಾಕಬಹುದು. ನಮ್ಮ ಇಂಗ್ಲಿಷ್ ಪಾಠಕ್ರಮದಲ್ಲಿ ಮಕ್ಕಳು ದಿನಚರಿ, ಪತ್ರ, ಸಂಭಾಷಣೆ, ಪ್ರಕಟಣೆ, ವಿಮರ್ಶೆ ಇವುಗಳನ್ನು ಸ್ವಂತವಾಗಿ ಬರೆಯಬೇಕು. ಮೂರು ವಿಭಾಗಗಳಲ್ಲಿ 35ರಂತೆ 105 ಮಕ್ಕಳು. ವಾರಕ್ಕೊಂದೇ ಬರೆಹವೆಂದರೂ, ಒಂದಕ್ಕೆ ಮೂರೇ ನಿಮಿಷವೆಂದರೂ, 315 ನಿಮಿಷಗಳು. ಅಂದರೆ ಐದು ಗಂಟೆಗೂ ಮಿಕ್ಕಿ. 40 ನಿಮಿಷದ ಪೀರಿಯಡಿನ ಲೆಕ್ಕದಲ್ಲಿ ಸುಮಾರು ಎಂಟು ಪೀರಿಯಡ್. ಅಷ್ಟು ಬಿಡುವು ಯಾರ ವೇಳಾಪಟ್ಟಿಯಲ್ಲೂ ಇಲ್ಲ. ಆದ್ದರಿಂದ ಪುಸ್ತಕಗಳ ಕಟ್ಟು ಮನೆಗೆ ಹೋಗುತ್ತದೆ. ಅಡುಗೆಮನೆಯ ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತದೆ.

ಮೂರನೆಯದು, ಇಂಗ್ಲಿಷ್ ಬಲ್ಲವರೆಂಬ ಕಾರಣಕ್ಕೆ ಬಂದು ಸೇರುವ ಕೆಲಸಗಳು. ಇಲಾಖೆಗೆ ಪತ್ರ ಬರೆಯಬೇಕೇ? ಇಂಗ್ಲಿಷ್ ಟೀಚರ್. ಅತಿಥಿಗಳಿಗೆ ಮಾನಪತ್ರವೇ? ಇಂಗ್ಲಿಷ್ ಟೀಚರ್. ಕಲೋತ್ಸವದ ಕಂಠಪಾಠ, ಭಾಷಣ, ಕಿರುನಾಟಕ, ಕಂಪ್ಯೂಟರಿನಲ್ಲಿ ಮಕ್ಕಳ ವಿವರ ತುಂಬುವುದು, ಎಲ್ಲವೂ ಅವರಿಗೇ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ವಿಧಿಯು ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣೇತರ ಕೆಲಸಗಳಿಗೆ ಅಧ್ಯಾಪಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ಹೊರಗಿನವರು ಹೊರಿಸುವ ಕೆಲಸಕ್ಕೆ ಹೀಗೊಂದು ತಡೆಯಿದೆ. ಶಾಲೆಯೊಳಗೆ ನಾವೇ ಪ್ರೀತಿಯಿಂದ ಹೊರಿಸುವ ಕೆಲಸಕ್ಕೆ ಯಾವ ಕಾಯಿದೆಯ ತಡೆಯೂ ಇಲ್ಲ.

ನಾಲ್ಕನೆಯದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು. ಅದು ಇಂಗ್ಲಿಷ್ ಅಧ್ಯಾಪಕರಿಗೆ ತಮ್ಮ ಇಂಗ್ಲಿಷಿನ ಬಗ್ಗೆಯೇ ಇರುವ ಭಯ. ಹೊಸ ಭಾಷೆ ಕಲಿಯುವವರ ತರಗತಿಯ ಆತಂಕವನ್ನು ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ವಿವರಿಸಿದ್ದರು. ಹತ್ತು ವರ್ಷಗಳ ಬಳಿಕ, ಅದೇ ಆತಂಕ ಅಧ್ಯಾಪಕರಿಗೂ ಇರುತ್ತದೆಂದು ಹಾರ್ವಿಟ್ಸ್ ಬರೆದರು. ಅದನ್ನು ಓದಿದಾಗ ನನ್ನ ಗುಟ್ಟನ್ನು ಯಾರೋ ಬಯಲು ಮಾಡಿದಂತೆನಿಸಿತು. ನಾನು ಕನ್ನಡ ಮಾಧ್ಯಮದಲ್ಲಿ ಕಲಿತು ಎಂ.ಎ.ಯಲ್ಲಿ ಷೇಕ್ಸ್‌ಪಿಯರನನ್ನೂ ಮಿಲ್ಟನ್ನನನ್ನೂ ಓದಿದೆ. ಆದರೆ ಬಸ್ಸು ತಡವಾಯಿತೆಂಬುದನ್ನು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳುವ ಸಂದರ್ಭವೇ ನನಗೆ ಒದಗಿರಲಿಲ್ಲ. ಉದ್ಯೋಗಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಪ್ರತಿ ಪಾಠದ ವಾಕ್ಯಗಳನ್ನು ರಾತ್ರಿ ಬರೆದು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದೆ. ಮಗುವೊಂದು ಅನಿರೀಕ್ಷಿತ ಪ್ರಶ್ನೆ ಕೇಳಿದರೆ ಎದೆ ಡವಗುಟ್ಟುತ್ತಿತ್ತು. ಇತಿಹಾಸದ ಅಧ್ಯಾಪಕರು ಒಂದು ಇಸವಿ ಮರೆತರೆ ಪುಸ್ತಕ ತೆರೆದು ನೋಡುತ್ತಾರೆ. ಇಂಗ್ಲಿಷ್ ಅಧ್ಯಾಪಕಿ ಒಂದು ಉಚ್ಚಾರ ತಪ್ಪಿದರೆ ಅವಳ ಅರ್ಹತೆಯೇ ಪ್ರಶ್ನೆಗೊಳಗಾಗುತ್ತದೆ.

ಐದನೆಯ ಕಾರಣ ಈ ಭಯವನ್ನು ಇಮ್ಮಡಿಗೊಳಿಸುವಂಥದು. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷನ್ನಲ್ಲದೆ ಬೇರೇನನ್ನೂ ಆಡಬಾರದೆಂಬ ಒತ್ತಾಯ ಅದು. ಮಗುವಿನ ಕಣ್ಣಲ್ಲಿ ಅರ್ಥವಾಗದ ಮಂಕು ಕಾಣುತ್ತದೆ, ಒಂದು ಕನ್ನಡ ಪದ ಹೇಳಿದರೆ ಆ ಮಂಕು ಹರಿದೀತು, ಹೇಳುವಂತಿಲ್ಲ. ನಗಿಸುವುದು, ಗದರಿಸುವುದು, ಸಮಾಧಾನ ಹೇಳುವುದು ಎಲ್ಲವೂ ಇಬ್ಬರಿಗೂ ಪರಕೀಯವಾದ ಮಾತಿನಲ್ಲೇ ಆಗಬೇಕು. ಅಧ್ಯಾಪಕಿಯನ್ನು ನಿಜವಾಗಿ ಬತ್ತಿಸುವುದು ಇದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಬಹುಭಾಷಿಕತೆಯನ್ನು ಕಲಿಕೆಯ ಸಂಪನ್ಮೂಲವೆಂದು ಕರೆದಿದ್ದರೂ ನಾವು ಅದನ್ನು ಅಡ್ಡಿಯೆಂದೇ ಬಗೆದೆವು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮುಖ್ಯೋಪಾಧ್ಯಾಯಿನಿಯಾದ ಎರಡನೆಯ ವರ್ಷ ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಫಲಕವನ್ನು ತರಗತಿಯ ಬಾಗಿಲಿಗೆ ಹಾಕಿಸಿದವಳು ನಾನು. ತಾಳಮದ್ದಳೆಯ ಧಾಟಿ ನಿಂತದ್ದು ಆ ಫಲಕದ ಬಳಿಕ. ಏಕೆ ಹಾಕಿಸಿದೆನೆಂದರೆ ಆರನೆಯ ಮತ್ತು ಎಲ್ಲಕ್ಕಿಂತ ದೊಡ್ಡ ಕಾರಣಕ್ಕೆ ಬರುತ್ತೇನೆ.

ನಮ್ಮ ರಾಜ್ಯದಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆಂಬುದು ತಮಗೆಲ್ಲ ತಿಳಿದಿದೆ. ಆ ದಿನದ ಸಂಖ್ಯೆಯ ಮೇಲೆ ವಿಭಾಗಗಳು ಉಳಿಯುತ್ತವೆ ಅಥವಾ ಬೀಳುತ್ತವೆ. ವಿಭಾಗ ಬಿದ್ದರೆ ಹುದ್ದೆ ಹೋಗುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಧ್ಯಾಪಕರು ಗುಡ್ಡ ಹತ್ತಿ ಇಳಿದು ಮನೆಮನೆಗೆ ಹೋಗುತ್ತಾರೆ. ಅಂಗಳದಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: ‘ಟೀಚರೇ, ನಿಮ್ಮಲ್ಲಿ ಇಂಗ್ಲಿಷ್ ಹೇಗೆ?’ ನಾನು ಮಾಡಿದ್ದೇನೆಂದರೆ, ಆ ಯುವ ಅಧ್ಯಾಪಕಿಯನ್ನು ಪ್ರತಿ ಮನೆಗೂ ಜೊತೆಗೆ ಕರೆದೊಯ್ದು ‘ಇವರೇ ನಮ್ಮ ಇಂಗ್ಲಿಷ್ ಟೀಚರ್’ ಎಂದು ತೋರಿಸಿದ್ದು. ಮಕ್ಕಳ ಇಂಗ್ಲಿಷ್ ಭಾಷಣದ ವಿಡಿಯೊ ಮಾಡಿಸಿ ಊರಿನ ಮೊಬೈಲುಗಳಿಗೆಲ್ಲ ಹಂಚಿದ್ದು. ಬಾಗಿಲಿಗೆ ಫಲಕ ಹಾಕಿಸಿದ್ದೂ ಅದೇ ಭಯದಿಂದ. ಶಾಲೆಯನ್ನು ಉಳಿಸುತ್ತಿದ್ದೇನೆಂದು ನಾನು ನಂಬಿದ್ದೆ.

ಅದರ ಅರ್ಥವೇನೆಂದು ಯೋಚಿಸಿ. ನೂರು ವರ್ಷದ ಶಾಲೆಯ ಉಳಿವು, ಹತ್ತಾರು ಸಹೋದ್ಯೋಗಿಗಳ ಉದ್ಯೋಗ, ಗಡಿನಾಡಿನಲ್ಲಿ ಕನ್ನಡದ ಭವಿಷ್ಯ, ಇವೆಲ್ಲವೂ ಒಬ್ಬ ಇಂಗ್ಲಿಷ್ ಅಧ್ಯಾಪಕಿಯ ಹೆಗಲೇರಿದವು. ಮೇಲಾಗಿ ಇದು ಗೆಲ್ಲಲಾಗದ ಆಟ. ಅವರ ಮಕ್ಕಳು ಚೆನ್ನಾಗಿ ಇಂಗ್ಲಿಷ್ ಮಾತನಾಡಿದರೆ, ‘ಇಷ್ಟು ಬರುತ್ತದಲ್ಲ, ಇಂಗ್ಲಿಷ್ ಮಾಧ್ಯಮಕ್ಕೇ ಹಾಕೋಣ’ ಎಂದು ಹೆತ್ತವರು ಕರೆದೊಯ್ಯುತ್ತಾರೆ. ಮಾತನಾಡದಿದ್ದರೆ, ‘ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಬಾರದು’ ಎಂದು ಕರೆದೊಯ್ಯುತ್ತಾರೆ. ಗೆದ್ದರೂ ಮಗು ಹೋಗುತ್ತದೆ, ಸೋತರೂ ಹೋಗುತ್ತದೆ. ತನ್ನಿಂದ ಏನೂ ಸಾಧ್ಯವಾಗಲಿಲ್ಲವೆಂಬ ಭಾವ ಹುಟ್ಟದೆ ಇನ್ನೇನಾದೀತು? ಹೆತ್ತವರನ್ನು ನಾನು ದೂರುವುದಿಲ್ಲ. ಮಗುವಿನ ಒಳಿತನ್ನು ಬಯಸುವುದು ಅವರ ಧರ್ಮ. ಆದರೆ ಇಡೀ ಸಮುದಾಯದ ಭಯವನ್ನು ಒಬ್ಬಳ ಮೇಲೆ ಹೊರಿಸಿದ್ದು ನಮ್ಮೆಲ್ಲರ ತಪ್ಪು.

ಎಂಟನೆಯ ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ನಡೆದ ಒಂದು ಸಣ್ಣ ಘಟನೆಯನ್ನು ಹೇಳಬೇಕು. ಇಂಗ್ಲಿಷಿನಲ್ಲಿ ‘ವಿ’ ಎಂದರೆ ‘ನಾವು’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಟೀಚರ್, ಅದು ಎಂಕುಲೋ, ನಮವೋ?’ ಎಂದು ಕೇಳಿದ. ಇಂಗ್ಲಿಷ್ ಓದಲು ಹೆಣಗುವ ಹುಡುಗ ಅವನು. ತುಳುವಿನಲ್ಲಿ ಕೇಳುವವರನ್ನು ಬಿಟ್ಟು ‘ನಾವು’ ಎನ್ನುವಾಗ ‘ಎಂಕುಲು’. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’. ಮಲಯಾಳದಲ್ಲಿಯೂ ‘ಞಂಙಳ್’, ‘ನಮ್ಮಳ್’ ಎಂಬ ಭೇದವಿದೆ ಎಂದು ಇನ್ನೊಬ್ಬಳು ಹೇಳಿದಳು. ಶಿಷ್ಟ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ. ಆ ದಿನ ನಲವತ್ತು ನಿಮಿಷ ಸರ್ವನಾಮಗಳ ಚರ್ಚೆ ನಡೆಯಿತು. ಇಂಗ್ಲಿಷ್ ಬಾರದವನೆಂದು ನಾವು ಪಟ್ಟಿ ಮಾಡಿದ್ದ ಹುಡುಗ ಭಾಷಾವಿಜ್ಞಾನದ ಪ್ರಶ್ನೆಯೊಂದನ್ನು ಎತ್ತಿದ್ದ. ನನಗೆ ವರ್ಷಗಳ ಬಳಿಕ ದಣಿವಿಲ್ಲದ ಒಂದು ಪಾಠ ಸಿಕ್ಕಿತು. ಮರುದಿನ ಬೆಳಗ್ಗೆ ನಾನೇ ಆ ಫಲಕವನ್ನು ತೆಗೆದೆ.

ಇಂಗ್ಲಿಷ್ ಮತ್ತು ಕನ್ನಡ ಪರಸ್ಪರ ಶತ್ರುಗಳೆಂಬ ಭಾವನೆ ನಮ್ಮ ಸೀಮೆಯ ಪರಂಪರೆಗೆ ಹೊಂದುವಂಥದಲ್ಲ. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿಗೆ ಸಮೀಪದ ಮಂಗಳೂರಿನಲ್ಲೇ ಅಚ್ಚಾಯಿತು. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆಗಳನ್ನು ಬಲ್ಲವರಾಗಿದ್ದುಕೊಂಡೇ ಕನ್ನಡದ ಕವಿಯಾದರು. ನಮ್ಮ ಜಿಲ್ಲೆಯ ಕಾರಡ್ಕದಲ್ಲಿ 1940ರಲ್ಲಿ ಜನಿಸಿದ ಕೆ.ವಿ. ತಿರುಮಲೇಶರು ಇಂಗ್ಲಿಷ್ ಅಧ್ಯಾಪಕರಾಗಿ, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ ಭಾಷಾವಿಜ್ಞಾನದ ಪ್ರಾಧ್ಯಾಪಕರಾಗಿ ಬಾಳಿದವರು. ‘ಅಕ್ಷಯ ಕಾವ್ಯ’ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಕವಿಯೂ ಅವರೇ. ಒಂದನ್ನು ಕಲಿಸಲು ಇನ್ನೊಂದನ್ನು ಬಾಗಿಲ ಹೊರಗೆ ನಿಲ್ಲಿಸಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಕಳೆದೆರಡು ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಮಾಡಿಕೊಂಡ ಕೆಲವು ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಗ್ಲಿಷ್ ತರಗತಿಯಲ್ಲಿ ಮಕ್ಕಳು ತಿಳಿದ ಯಾವುದೇ ಭಾಷೆಯಲ್ಲಿ ಕೇಳಬಹುದು. ಉತ್ತರವನ್ನು ಎಲ್ಲರೂ ಸೇರಿ ಇಂಗ್ಲಿಷಿಗೆ ತರುತ್ತಾರೆ. ಬರೆಹಗಳನ್ನು ಪ್ರತಿ ವಾರ ಮೂರರಲ್ಲೊಂದು ಪಾಲು ಮಾತ್ರ ಅಧ್ಯಾಪಕಿ ತಿದ್ದುತ್ತಾರೆ. ಉಳಿದವನ್ನು ಮಕ್ಕಳು ಜೋಡಿಯಾಗಿ ಪರಸ್ಪರ ಓದುತ್ತಾರೆ. 315 ನಿಮಿಷಗಳು 105ಕ್ಕೆ ಇಳಿದಿವೆ, ಕೆಂಪು ಶಾಯಿಯ ಮಾತುಗಳು ಮರಳಿವೆ. ಕಚೇರಿಯ ಇಂಗ್ಲಿಷ್ ಪತ್ರಗಳನ್ನು ನಾನೇ ಬರೆಯುತ್ತೇನೆ. ಸಂಜೆ ಆರರ ಬಳಿಕ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಕೆಲಸದ ಸೂಚನೆಗಳಿಲ್ಲ. ಹದಿನೈದು ದಿನಕ್ಕೊಮ್ಮೆ ನೆರೆಯ ಕನ್ನಡ ಶಾಲೆಗಳ ಇಂಗ್ಲಿಷ್ ಅಧ್ಯಾಪಕರು ಒಂದು ಗಂಟೆ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಅಲ್ಲಿ ಅಧಿಕಾರಿಗಳಿಲ್ಲ, ವರದಿ ಬರೆಯುವುದಿಲ್ಲ. ‘ಈ ಪದದ ಉಚ್ಚಾರ ನನಗೆ ಗೊತ್ತಿಲ್ಲ’ ಎಂದು ಧೈರ್ಯವಾಗಿ ಹೇಳಬಹುದಾದ ಒಂದು ಜಾಗ ಅದು. ಮನೆಭೇಟಿಗೆ ಈಗ ಎಲ್ಲರೂ ಸರದಿಯಂತೆ ಹೋಗುತ್ತೇವೆ. ಇಂಗ್ಲಿಷಿನ ಪ್ರಶ್ನೆ ಬಂದರೆ, ಕನ್ನಡ ಚೆನ್ನಾಗಿ ಓದಬಲ್ಲ ಮಗುವಿಗೆ ಇಂಗ್ಲಿಷ್ ಓದುವುದು ಸುಲಭವಾಗುತ್ತದೆಂಬುದನ್ನು ಗಣಿತದ ಮಾಸ್ತರೂ ವಿವರಿಸುತ್ತಾರೆ, ಚಿತ್ರಕಲೆಯ ಮಾಸ್ತರೂ ವಿವರಿಸುತ್ತಾರೆ.

ಇದರಿಂದ ಎಲ್ಲವೂ ಸರಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಕಳೆದ ಜೂನಿನಲ್ಲೂ ಕೆಲವು ಮಕ್ಕಳು ಬೇರೆ ಶಾಲೆಗೆ ಹೋದರು. ಫಲಿತಾಂಶದಲ್ಲಿ ಎದ್ದು ಕಾಣುವ ಜಿಗಿತವೇನೂ ಆಗಿಲ್ಲ. ಹೊಸದಾಗಿ ಸೇರಿದ ನಮ್ಮ ಇಂಗ್ಲಿಷ್ ಅಧ್ಯಾಪಕಿಯ ನೇಮಕಾತಿಗೆ ಅಂಗೀಕಾರ ಇನ್ನೂ ಬಂದಿಲ್ಲ. ಅಂಗೀಕಾರ ಬರುವವರೆಗೆ ಸಂಬಳವಿಲ್ಲವೆಂಬುದು ಅನುದಾನಿತ ಶಾಲೆಯವರಿಗೆಲ್ಲ ತಿಳಿದ ಸಂಗತಿ. ಆದರೂ ಅವರ ತರಗತಿಯಿಂದ ನಗು ಕೇಳುತ್ತಿದೆ. ಆ ನಗು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆಂಬುದೇ ನನ್ನ ನಿವೃತ್ತಿಗೆ ಉಳಿದಿರುವ ಈ ಕೆಲವು ವರ್ಷಗಳ ಮುಖ್ಯ ಚಿಂತೆ.

ಆದ್ದರಿಂದ ಈ ಸಭೆಯಲ್ಲಿ ಮೂರು ವಿನಂತಿಗಳನ್ನು ಮಾಡುತ್ತೇನೆ. ಮಾನ್ಯ ವ್ಯವಸ್ಥಾಪಕರೇ, ಶತಮಾನೋತ್ಸವದ ನಿಧಿಯಲ್ಲಿ ಕಟ್ಟಡಕ್ಕೆ ಪಾಲಿರುವಂತೆ, ಅಂಗೀಕಾರಕ್ಕಾಗಿ ಕಾಯುತ್ತಿರುವ ಅಧ್ಯಾಪಕರ ಗೌರವಧನಕ್ಕೂ ಒಂದು ಪಾಲಿರಲಿ. ಹಳೆ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರು ಅನೇಕರಿದ್ದೀರಿ. ವಾರಕ್ಕೆ ಅರ್ಧ ಗಂಟೆ ಬಂದು, ಓದಲು ಹೆಣಗುವ ಇಬ್ಬರು ಮೂವರು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ಅದು ಯಾವ ದೊಡ್ಡ ದೇಣಿಗೆಗೂ ಕಡಿಮೆಯಲ್ಲ. ಹೆತ್ತವರೇ, ಮುಂದಿನ ಬಾರಿ ಶಾಲೆಗೆ ಬಂದಾಗ ‘ಮಗನಿಗೆ ಇಂಗ್ಲಿಷ್ ಬಂತೇ’ ಎಂದು ಕೇಳುವ ಮೊದಲು ‘ಟೀಚರೇ, ಹೇಗಿದ್ದೀರಿ’ ಎಂದೊಮ್ಮೆ ಕೇಳಿ.

ಆ ಹುಡುಗನ ಪ್ರಶ್ನೆಗೆ ನಾನು ಅಂದು ವ್ಯಾಕರಣದ ಉತ್ತರವನ್ನಷ್ಟೇ ಕೊಟ್ಟೆ. ಈ ಶಾಲೆಯ ಇಂಗ್ಲಿಷಿನ ಹೊಣೆ ಇಂಗ್ಲಿಷ್ ಟೀಚರ್ ಒಬ್ಬರದು ಎಂದು ನಾವು ಬಹುಕಾಲ ನಂಬಿದ್ದೆವು. ನೂರನೆಯ ವರ್ಷದಲ್ಲಿ ಅದನ್ನು ‘ನಮ’ ಎಂದು ಹೇಳಲು ಕಲಿಯೋಣ; ತಾವೆಲ್ಲರೂ ಅದರೊಳಗಿದ್ದೀರಿ.